ಗೆಲುವಿಲ್ಲದ ಆಟದಲ್ಲಿ ಕೈಗೇನು ಕೆಲಸ?

ಕಪ್ಪು ಬಿಳುಪಿನ ಒಂದು ಸ್ಮಶಾನ. ಊರುಗೋಲು ಹಿಡಿದ ಮುದುಕಿಯೊಬ್ಬಳನ್ನು ಆಟಗಾರ ನಡೆಸಬೇಕು. ಅವಳು ಬಹಳ ನಿಧಾನವಾಗಿ ನಡೆದು ಬೆಂಚಿನ ಮೇಲೆ ಕೂರುತ್ತಾಳೆ. ಒಂದು ಹಾಡು ಕೇಳಿಸುತ್ತದೆ. ಆಮೇಲೆ ಎದ್ದು, ಬಂದ ದಾರಿಯಲ್ಲೇ ಹಿಂದಿರುಗುತ್ತಾಳೆ. 2008ರಲ್ಲಿ ಬಂದ ‘ದ ಗ್ರೇವ್‌ಯಾರ್ಡ್’ ಎಂಬ ವಿಡಿಯೊ ಗೇಮ್‌ನಲ್ಲಿ ಇರುವುದು ಇಷ್ಟೇ. ಪುಕ್ಕಟೆ ಸಿಗುವ ಆವೃತ್ತಿಗೂ ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿಗೂ ಇದ್ದ ವ್ಯತ್ಯಾಸ ಒಂದೇ: ಕೊಂಡುಕೊಂಡ ಆಟದಲ್ಲಿ ಆ ಮುದುಕಿ ಸಾಯಲೂಬಹುದು.

ಇದನ್ನು ರೂಪಿಸಿದ್ದು ಬೆಲ್ಜಿಯಂನ ಗೆಂಟ್ ನಗರದ ‘ಟೇಲ್ ಆಫ್ ಟೇಲ್ಸ್’, ಅಂದರೆ ಆರಿಯಾ ಹಾರ್ವಿ ಮತ್ತು ಮೈಕಲ್ ಸಾಮಿನ್ ಎಂಬ ಇಬ್ಬರು ಕಲಾವಿದರು. ಅದಕ್ಕೂ ಮೊದಲು ಅವರು ಅಂತರ್ಜಾಲವನ್ನೇ ಮಾಧ್ಯಮ ಮಾಡಿಕೊಂಡು ಕೃತಿಗಳನ್ನು ರಚಿಸುತ್ತಿದ್ದರು. 2006ರಲ್ಲಿ ಒಂದು ಪ್ರಣಾಳಿಕೆಯನ್ನೇ ಹೊರಡಿಸಿದರು. ಆಟದ ತಂತ್ರಜ್ಞಾನವನ್ನು ಗೆಲುವು ಸೋಲಿನ ಕಟ್ಟಿನಿಂದ ಬಿಡಿಸಬೇಕು, ಆಧುನಿಕ ಕಲೆ ಕಳೆದುಕೊಂಡ ಸೌಂದರ್ಯವನ್ನೂ ಕಥನವನ್ನೂ ಸಾಮಾನ್ಯ ಜನರಿಗೆ ಮರಳಿ ಕೊಡಬೇಕು ಎಂಬುದು ಅದರ ಸಾರ. ಅದೇ ಹೊತ್ತಿಗೆ ಅಮೆರಿಕದಲ್ಲಿ ಜೇಸನ್ ರೋರರ್, ಇಂಗ್ಲೆಂಡಿನಲ್ಲಿ ಡ್ಯಾನ್ ಪಿಂಚ್‌ಬೆಕ್ ಬೇರೆ ಬೇರೆ ದಾರಿಗಳಿಂದ ಇದೇ ದಿಕ್ಕಿಗೆ ಹೊರಟಿದ್ದರು. ಇದನ್ನು ಒಂದು ಪಂಥವೆಂದು ಕರೆಯುವುದಾದರೆ, ಅದರ ಬಗ್ಗೆ ಎದ್ದ ವಾದ ಇಪ್ಪತ್ತು ವರ್ಷಗಳಾಗುತ್ತ ಬಂದರೂ ಮುಗಿದಿಲ್ಲ.

ಮೊದಲ ಆಕ್ಷೇಪ ಬಂದದ್ದು ಕಲೆಯ ಕಡೆಯಿಂದ. ವಿಡಿಯೊ ಗೇಮ್ ಎಂದಿಗೂ ಕಲೆಯಾಗದು ಎಂದು ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ 2010ರ ಏಪ್ರಿಲ್‌ನಲ್ಲಿ ಬರೆದರು. ಆಟಕ್ಕೆ ನಿಯಮ, ಗುರಿ, ಅಂಕ ಇರುತ್ತವೆ, ಅದನ್ನು ಗೆಲ್ಲಬಹುದು. ಕಲಾಕೃತಿಯನ್ನು ಗೆಲ್ಲಲಾಗದು, ಅನುಭವಿಸಬಹುದಷ್ಟೆ ಎಂಬುದು ಅವರ ವಾದ. ಆಡಿ ನೋಡದೆ ಹಾಗೆ ಬರೆಯಬಾರದಿತ್ತು ಎಂದು ಅದೇ ಜುಲೈನಲ್ಲಿ ಒಪ್ಪಿಕೊಂಡರಾದರೂ ಮೂಲ ನಿಲುವನ್ನು ಬಿಡಲಿಲ್ಲ. 2012ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮೊದಲ ಕಂತಿನಲ್ಲಿ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯ ಕಲಾವಿಮರ್ಶಕ ಜೊನಾಥನ್ ಜೋನ್ಸ್ ಅದನ್ನು ಬಲವಾಗಿ ವಿರೋಧಿಸಿದರು.

ಎರಡನೆಯ ಆಕ್ಷೇಪ ಆಟಗಾರರದು. ಅವರ ದೂರು ಇದಕ್ಕೆ ತೀರ ವಿರುದ್ಧ: ಇದು ಆಟವೇ ಅಲ್ಲ! ಪಿಂಚ್‌ಬೆಕ್ ಅವರ ‘ಡಿಯರ್ ಎಸ್ತರ್’ನಲ್ಲಿ ನಿರ್ಜನ ದ್ವೀಪವೊಂದರ ಮೇಲೆ ನಡೆಯುತ್ತ ಒಂದು ದನಿಯನ್ನು ಕೇಳುವುದಷ್ಟೆ. 2013ರ ‘ಗಾನ್ ಹೋಮ್’ನಲ್ಲಿ ಖಾಲಿ ಮನೆಯೊಂದರ ಕಪಾಟುಗಳನ್ನು ತೆರೆದು, ಚೀಟಿಗಳನ್ನು ಓದುತ್ತ ತಂಗಿಯ ಕಥೆಯನ್ನು ಅರಿಯುವುದು. ವಿಮರ್ಶಕರು ಹೊಗಳಿದರು. ಎರಡು ಮೂರು ಗಂಟೆಯ ಅನುಭವಕ್ಕೆ ಇಪ್ಪತ್ತು ಡಾಲರ್ ತೆತ್ತವರಲ್ಲಿ ಹಲವರು ಸಿಟ್ಟಾದರು. ‘ವಾಕಿಂಗ್ ಸಿಮ್ಯುಲೇಟರ್’ ಎಂಬ ಹೆಸರು ಇಂಥ ಆಟಗಳಿಗೆ ಬೈಗುಳವಾಗಿಯೇ ಅಂಟಿಕೊಂಡಿತು.

ಕಲೆಯೇ, ಆಟವೇ ಎಂಬ ಈ ಎರಡೂ ಪ್ರಶ್ನೆಗಳಿಂದ ಪಂಥಕ್ಕೆ ನಷ್ಟವಾಗಿದೆ ಎಂಬುದು ನನ್ನ ನಂಬಿಕೆ. ವಿರೋಧಿಗಳು ಕೃತಿಯ ಒಳಗೆ ಕಾಲಿಡದೆ ಬಾಗಿಲಲ್ಲೇ ತೀರ್ಪು ಕೊಟ್ಟರು. ಅವರನ್ನು ಎದುರಿಸುವ ಭರದಲ್ಲಿ ಬೆಂಬಲಿಗರು ಒಳ್ಳೆಯ ಕೃತಿ, ಸೊರಗಿದ ಕೃತಿ ಎಂಬ ಭೇದವನ್ನೇ ಮರೆತು ಎಲ್ಲವನ್ನೂ ಒಟ್ಟಾಗಿ ಸಮರ್ಥಿಸಿದರು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಈ ಕೃತಿ ಆಟಗಾರನ ಕೈಗೆ ಏನು ಕೆಲಸ ಕೊಡುತ್ತದೆ? ಅರ್ಥ ಹುಟ್ಟುವುದು ಆ ಕೆಲಸದಿಂದಲೋ, ಅಥವಾ ಅದರ ಪಕ್ಕದಲ್ಲಿ ಕೇಳುವ ಮಾತು, ಸಂಗೀತಗಳಿಂದಲೋ?

ರೋರರ್ ಅವರ ‘ಪ್ಯಾಸೇಜ್’ (2007) ಈ ಪರೀಕ್ಷೆಯಲ್ಲಿ ಪೂರ್ತಿ ಗೆಲ್ಲುತ್ತದೆ. ನೂರು ಪಿಕ್ಸೆಲ್ ಅಗಲ, ಹದಿನಾರು ಪಿಕ್ಸೆಲ್ ಎತ್ತರದ ಕಿರಿದಾದ ಪಟ್ಟಿ. ಐದು ನಿಮಿಷದಲ್ಲಿ ಒಂದು ಬದುಕು ಮುಗಿಯುತ್ತದೆ. ದಾರಿಯಲ್ಲಿ ಸಂಗಾತಿಯೊಬ್ಬಳು ಸಿಗುತ್ತಾಳೆ, ಜೊತೆಗೆ ಕರೆದೊಯ್ಯುವುದು ಬಿಡುವುದು ನಮ್ಮಿಷ್ಟ. ಕರೆದೊಯ್ದರೆ ಇಬ್ಬರೂ ತೂರಲಾಗದ ಇಕ್ಕಟ್ಟಿನ ಸಂದಿಗಳಲ್ಲಿರುವ ನಿಧಿ ಕೈತಪ್ಪುತ್ತದೆ. ಕೊನೆಗೊಮ್ಮೆ ಅವಳು ಸತ್ತು ಗೋರಿಕಲ್ಲಾಗುತ್ತಾಳೆ, ನಮ್ಮ ನಡಿಗೆ ತಡವರಿಸುತ್ತದೆ. ಇಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ದಾಂಪತ್ಯವೆಂದರೆ ಕೆಲವು ದಾರಿಗಳನ್ನು ಬಿಟ್ಟುಕೊಡುವುದು ಎಂಬುದನ್ನು ಸಂದಿಯ ಅಗಲವೇ ತಿಳಿಸುತ್ತದೆ. ನಿಯಮ ಮತ್ತು ಅಂಕ ಇದ್ದಲ್ಲಿ ಕಲೆಯಿಲ್ಲ ಎಂದ ಎಬರ್ಟ್ ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಏಕೆಂದರೆ ಇಲ್ಲಿ ಭಾವವನ್ನು ಹೊತ್ತಿರುವುದೇ ಆ ನಿಯಮ.

ಟೇಲ್ ಆಫ್ ಟೇಲ್ಸ್‌ನ ‘ದ ಪಾಥ್’ (2009) ಇನ್ನೂ ಧೈರ್ಯದ್ದು. ಕೆಂಪು ಟೊಪ್ಪಿಗೆಯ ಹುಡುಗಿಯ ಹಳೆಯ ಕಥೆಯನ್ನು ಒಂಬತ್ತರಿಂದ ಹತ್ತೊಂಬತ್ತು ವಯಸ್ಸಿನ ಆರು ಅಕ್ಕತಂಗಿಯರಿಗೆ ಅದು ಹಂಚುತ್ತದೆ. ಅಜ್ಜಿಯ ಮನೆಗೆ ಹೋಗು, ದಾರಿ ಬಿಡಬೇಡ ಎಂಬುದೊಂದೇ ಆಜ್ಞೆ. ಅದನ್ನು ಪಾಲಿಸಿದರೆ ಸೋತಂತೆ. ಕಾಡಿಗೆ ಇಳಿದರೆ ಪ್ರತಿ ಹುಡುಗಿಗೂ ಅವಳದೇ ತೋಳ ಕಾದಿರುತ್ತದೆ. ಕಾಡಿನಲ್ಲಿ ಏನಾದರೂ ಕಂಡಾಗ ಹುಡುಗಿ ಅದರತ್ತ ಹೋಗಬೇಕಾದರೆ ಆಟಗಾರ ಕೀಲಿಗಳಿಂದ ಕೈ ತೆಗೆಯಬೇಕು. ಹರೆಯದ ಮಗುವನ್ನು ಬಿಟ್ಟುಕೊಡುವ ಭಯವನ್ನು ಕೈ ತೆಗೆಯುವ ಆ ಕ್ಷಣ ಅನುಭವಕ್ಕೆ ತರುತ್ತದೆ. ಕಾಡಿನ ಅಲೆದಾಟ ಎಳೆದಾಡಿಸುತ್ತದೆ ಎಂಬ ದೂರು ಸುಳ್ಳಲ್ಲ, ಆದರೂ ಇಂಥ ಕಲ್ಪನೆ ಆಟದ ಲೋಕದಲ್ಲಿ ಅಪರೂಪ. ‘ದ ಗ್ರೇವ್‌ಯಾರ್ಡ್’ನ ನಿಧಾನಕ್ಕೂ ಇದೇ ಬಲವಿದೆ. ಬೇಗ ನಡೆಸಬೇಕೆಂಬ ನಮ್ಮ ಆತುರ ಆ ಮುದಿ ದೇಹಕ್ಕೆ ತಗುಲಿ ನಿಲ್ಲುತ್ತದೆ.

‘ಡಿಯರ್ ಎಸ್ತರ್’ ಕುರಿತು ಅದೇ ಮಾತು ಹೇಳಲಾರೆ. ದ್ವೀಪ ಸುಂದರ, ಸಂಗೀತ ಮನಸ್ಸಿನಲ್ಲಿ ಉಳಿಯುತ್ತದೆ. ಕೇಳಿಸುವ ಪತ್ರದ ತುಣುಕುಗಳು ಪ್ರತಿ ಸಲ ಬದಲಾಗುವುದರಿಂದ ಕಥೆ ಎಂದೂ ಗಟ್ಟಿಯಾಗದು ಎಂಬ ಉಪಾಯವೂ ಜಾಣತನದ್ದು. ಆದರೆ ಆ ಬದಲಾವಣೆ ನಡೆಯುವುದು ಕಂಪ್ಯೂಟರಿನ ಆಯ್ಕೆಯಿಂದ, ನನ್ನ ಹೆಜ್ಜೆಯಿಂದಲ್ಲ. ನನ್ನ ನಡಿಗೆ ಅಲ್ಲಿ ಪುಟ ತಿರುಗಿಸುವುದಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ‘ಇದು ಆಟವಲ್ಲ’ ಎಂಬ ಆಟಗಾರರ ಒರಟು ಮಾತಿನೊಳಗೆ ಈ ನಿಜವಾದ ಅತೃಪ್ತಿ ಅಡಗಿತ್ತು. ಬೆಂಬಲಿಗರು ಅದನ್ನು ರಸಹೀನತೆ ಎಂದು ತಳ್ಳಿಹಾಕಬಾರದಿತ್ತು.

2015ರ ಮೇ ತಿಂಗಳಲ್ಲಿ ಟೇಲ್ ಆಫ್ ಟೇಲ್ಸ್ ‘ಸನ್‌ಸೆಟ್’ ತಂದಿತು. 1972ರ ಒಂದು ಕಲ್ಪಿತ ಲ್ಯಾಟಿನ್ ಅಮೆರಿಕದ ದೇಶ. ಸರ್ವಾಧಿಕಾರದ ನಡುವೆ ಶ್ರೀಮಂತನೊಬ್ಬನ ಮನೆ ಚೊಕ್ಕಟ ಮಾಡುವ ಆಂಜೆಲಾ ಎಂಬ ಕಪ್ಪು ಅಮೆರಿಕನ್ ಹೆಂಗಸು. ಹೊರಗೆ ಕ್ರಾಂತಿ, ಒಳಗೆ ಕಸ, ಪಾತ್ರೆ, ಪರದೆ. ಚರಿತ್ರೆಯನ್ನು ಮನೆಗೆಲಸದವಳ ಕಣ್ಣಿನಿಂದ ನೋಡುವ ಈ ಆಲೋಚನೆ ಆ ಕಾಲದ ಯಾವ ದೊಡ್ಡ ಆಟಕ್ಕೂ ಹೊಳೆದಿರಲಿಲ್ಲ. ಆದರೆ ಕೆಲಸವೆಂದರೆ ಒಂದು ಗುಂಡಿ ಒತ್ತುವುದು, ಕೆಲಸ ಮುಗಿದುಹೋಗುವುದು. ದುಡಿಮೆಯ ಬಗ್ಗೆ ಇರುವ ಕೃತಿಯಲ್ಲಿ ದುಡಿಮೆಯ ಭಾರವೇ ಕೈಗೆ ಹತ್ತಲಿಲ್ಲ. ಮುದುಕಿಯ ಹೆಜ್ಜೆಗೆ ಅಷ್ಟು ತೂಕ ಕೊಟ್ಟವರು ಇಲ್ಲಿ ಅದನ್ನು ಬಿಟ್ಟುಕೊಟ್ಟದ್ದು ದುಃಖದ ಸಂಗತಿ. ಮುಂಗಡ ಹಣ ಕೊಟ್ಟವರನ್ನೂ ಸೇರಿಸಿ ಮಾರಾಟವಾದದ್ದು ಸುಮಾರು 4,000 ಪ್ರತಿ. ಜೂನ್‌ನಲ್ಲಿ ಇಬ್ಬರೂ ವಾಣಿಜ್ಯ ಆಟಗಳಿಗೆ ವಿದಾಯ ಹೇಳಿದರು. ಮೂರು ವರ್ಷ ಹಿಂದೆ ‘ಡಿಯರ್ ಎಸ್ತರ್’ ಮೊದಲ ದಿನವೇ 16,000 ಪ್ರತಿ ಮಾರಿತ್ತು. ಹಾಗಾಗಿ ಜನರಿಗೆ ಇಂಥದ್ದು ಬೇಡವೇ ಬೇಡ ಎಂಬ ತೀರ್ಮಾನಕ್ಕೆ ಈ ಸೋಲು ಸಾಕ್ಷಿಯಾಗದು.

ಪಂಥದ ಪಾಠ ಬೇರೆ ಕಡೆ ಫಲಿಸಿತು. ಲೂಕಾಸ್ ಪೋಪ್ ಅವರ ‘ಪೇಪರ್ಸ್, ಪ್ಲೀಸ್’ (2013)ನಲ್ಲಿ ಆಟಗಾರ ಗಡಿಠಾಣೆಯ ಗುಮಾಸ್ತ. ಪಾಸ್‌ಪೋರ್ಟ್ ತಾಳೆ ನೋಡಿ ಮುದ್ರೆ ಒತ್ತಬೇಕು. ತಪ್ಪಿದರೆ ಸಂಬಳ ಕಡಿತ, ಮನೆಯಲ್ಲಿ ಹಸಿವು. ಗೋಳಿಡುವ ತಾಯಿಯನ್ನು ತಿರಸ್ಕರಿಸುವುದೂ ಅದೇ ಮುದ್ರೆ. ಅಧಿಕಾರಶಾಹಿಯ ಕ್ರೌರ್ಯಕ್ಕೆ ಸಾಮಾನ್ಯನೊಬ್ಬ ಹೇಗೆ ಒಗ್ಗಿಹೋಗುತ್ತಾನೆ ಎಂಬುದನ್ನು ಅದು ಕೈಯಿಂದಲೇ ಮಾಡಿಸಿ ತೋರಿಸುತ್ತದೆ. ಗುಜರಾತಿನ ಚಾಲಾ ಎಂಬಲ್ಲಿಂದ ಕೆಲಸ ಮಾಡುವ ‘ಸ್ಟುಡಿಯೊ ಓಲಿಯೊಮಿಂಗಸ್’ ವಸಾಹತು ಚರಿತ್ರೆಯನ್ನು ಕೆದಕುವ ಆಟಗಳನ್ನು ಕಟ್ಟುತ್ತಿದೆ. ಅವರ ಬರಹದ ಸೊಗಸನ್ನು ಮೆಚ್ಚುತ್ತಲೇ, ಓದಿಸುವುದರಾಚೆ ಅದು ನಮ್ಮಿಂದ ಏನು ಮಾಡಿಸುತ್ತದೆ ಎಂದು ಅಲ್ಲೂ ಕೇಳಬೇಕು.

ಪ್ರಯೋಗಕ್ಕೆ ಬೇಕಾದ್ದು ಅನುಕಂಪವಲ್ಲ, ಕಟ್ಟುನಿಟ್ಟಾದ ಓದು. ಗೆಲುವನ್ನು ಕೈಬಿಡುವ ಹಕ್ಕು ಕಲಾವಿದನಿಗೆ ಖಂಡಿತ ಇದೆ. ಆದರೆ ಕೈಬಿಟ್ಟ ಗೆಲುವಿನ ಜಾಗಕ್ಕೆ ಅಷ್ಟೇ ತೂಕದ ಇನ್ನೊಂದು ಕ್ರಿಯೆಯನ್ನು ತರುವ ಹೊಣೆಯೂ ಅವನದೇ. ಆ ಹೊಣೆ ಹೊತ್ತ ಕೃತಿಗಳು ಈ ಪಂಥದಲ್ಲಿ ಕೆಲವೇ ಇರಬಹುದು. ಅವು ಇರುವುದರಿಂದಲೇ ಉಳಿದವುಗಳನ್ನು ಅದೇ ಅಳತೆಯಿಂದ ಅಳೆಯಲು ನಮಗೆ ಅಧಿಕಾರ ಸಿಕ್ಕಿದೆ.