ಅಲ್ಪವಿರಾಮದ ಗಡಿ

‘ಅಥಣಿಯಲ್ಲಿ ಮಾಡುವ ಕೊಲ್ಹಾಪುರಿ ಚಪ್ಪಲಿ ಬಹಳ ದಿನ ಬಾಳುತ್ತವೆ.’ ಈ ವಾಕ್ಯ ಕನ್ನಡದಲ್ಲಿ ಎಲ್ಲೂ ತೊಡರುವುದಿಲ್ಲ. ಇಂಗ್ಲಿಷಿಗೆ ಒಯ್ಯಲು ಕೂತವರು ಮಾತ್ರ ಒಂದು ತೀರ್ಮಾನಕ್ಕೆ ಬರಲೇಬೇಕು. ಕೊಲ್ಹಾಪುರಿ ಚಪ್ಪಲಿಗಳಲ್ಲಿ ಅಥಣಿಯವು ಬಾಳುತ್ತವೆ ಎಂದೋ? ಹಾಗಾದರೆ ‘ಚಪ್ಪಲ್ಸ್ ದಟ್ ಆರ್ ಮೇಡ್ ಇನ್ ಅಥಣಿ’ ಎಂದು ತಡೆಯಿಲ್ಲದೆ ಬರೆಯಬೇಕು. ಕೊಲ್ಹಾಪುರಿ ಚಪ್ಪಲಿಗಳೆಲ್ಲ ಬಾಳುತ್ತವೆ, ಅಂದಹಾಗೆ ಅವು ತಯಾರಾಗುವುದು ಅಥಣಿಯಲ್ಲಿ ಎಂದೋ? ಆಗ ‘ವಿಚ್ ಆರ್ ಮೇಡ್ ಇನ್ ಅಥಣಿ’ ಎಂಬುದರ ಹಿಂದೊಂದು ಮುಂದೊಂದು ಅಲ್ಪವಿರಾಮ ಬೇಕು. ಈ ಎರಡನೆಯ ವಾಕ್ಯ ಸುಳ್ಳೂ ಹೌದು. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತು ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು.

ಅಲ್ಪವಿರಾಮ ಎಂದರೆ ಉಸಿರು ತೆಗೆದುಕೊಳ್ಳುವ ಜಾಗ ಎಂದು ನಮಗೆ ಶಾಲೆಯಲ್ಲಿ ಕಲಿಸುತ್ತಾರೆ. ಮುಂದೆ ಕಾಲೇಜಿನಲ್ಲಿ ‘ದಟ್’ ಒಂದಕ್ಕೆ, ‘ವಿಚ್’ ಇನ್ನೊಂದಕ್ಕೆ ಎಂಬ ಸೂತ್ರ ಸಿಗುತ್ತದೆ. 1926ರಲ್ಲಿ ಈ ಹಂಚಿಕೆಯನ್ನು ಸೂಚಿಸಿದ ಫೌಲರ್ ಕೂಡ, ಒಳ್ಳೆಯ ಬರಹಗಾರರೆಲ್ಲ ಹಾಗೆ ಬರೆಯುತ್ತಿಲ್ಲ ಎಂದು ಒಪ್ಪಿಕೊಂಡಿದ್ದ. ಭಾರ ಹೊರುವುದು ಪದವಲ್ಲ, ಚಿಹ್ನೆ.

ಕನ್ನಡಕ್ಕೆ ಈ ಭೇದ ಗೊತ್ತಿಲ್ಲವೆಂದಲ್ಲ. ‘ಮಾಡುವ’, ‘ಬಂದ’, ‘ಇರುವ’ ಎಂಬ ಕೃದಂತಗಳು ನಾಮಪದದ ಮುಂದೆ ಕೂತು ಎರಡೂ ಕೆಲಸ ಮಾಡುತ್ತವೆ, ಅಷ್ಟೇ. ಬೇರ್ಪಡಿಸಲೇಬೇಕಾದಾಗ ನಮ್ಮ ಆಡುಮಾತು ವಾಕ್ಯದ ಕಟ್ಟನ್ನೇ ಬದಲಿಸುತ್ತದೆ. ರಾಯಬಾಗದ ಕಡೆ ‘ನಮ್ಮಣ್ಣ ಚಿಕ್ಕೋಡ್ಯಾಗ ಅದಾನಲ್ಲ, ಅಂವ ಬಂದಿದ್ದ’ ಎಂದರೆ ಅಣ್ಣ ಯಾರೆಂದು ಮೊದಲೇ ಗೊತ್ತು, ಊರು ಬರೀ ನೆನಪಿಗೆ. ‘ಯಾವ ಅಣ್ಣ?’ ಎಂದು ಕೇಳಿದರೆ ‘ಚಿಕ್ಕೋಡ್ಯಾಗ ಇರಾಂವ’ ಎಂಬ ಉತ್ತರ ಹಲವರಲ್ಲಿ ಒಬ್ಬನನ್ನು ಆರಿಸುತ್ತದೆ. ‘ಯಾರು ದುಡಿಯುತ್ತಾರೋ ಅವರು’ ಎಂಬ ರಚನೆಯೂ ಆರಿಸುವಂಥದೇ. ನಿಪ್ಪಾಣಿಯ ಪೇಟೆಯಲ್ಲಿ ಕಿವಿಗೆ ಬೀಳುವ ಮರಾಠಿಯ ‘ಜೋ... ತೋ’ ಇದರ ನೆಂಟ.

ಬರಹದ ಕನ್ನಡಕ್ಕೆ ಮಾತ್ರ ಕೃದಂತದ ಮೇಲೆ ಮೋಹ. ತೊಂದರೆ ಅಲ್ಲಿಂದ ಶುರು. 1981ರ ನಿಪ್ಪಾಣಿ ತಂಬಾಕು ಹೋರಾಟದ ಬಗ್ಗೆ ಯಾರೋ ‘ದರ ಸಿಗದ ರೈತರು ಹೆದ್ದಾರಿಗೆ ಇಳಿದರು’ ಎಂದು ಬರೆದರೆನ್ನಿ. ಅಲ್ಪವಿರಾಮವಿಲ್ಲದ ಇಂಗ್ಲಿಷಿನಲ್ಲಿ ಕೆಲವರಿಗೆ ದರ ಸಿಕ್ಕಿತ್ತು, ಸಿಗದವರಷ್ಟೇ ಇಳಿದರು ಎಂದಾಗುತ್ತದೆ. ಅಲ್ಪವಿರಾಮ ಹಾಕಿದರೆ ಯಾರಿಗೂ ದರ ಸಿಕ್ಕಿರಲಿಲ್ಲ. ಒಂದು ಚಿಹ್ನೆಯಿಂದ ಇಡೀ ಸೀಮೆಯ ಚಳವಳಿ ಅತೃಪ್ತರ ಗುಂಪಾಗಬಹುದು.

ಗಡಿಯ ವಿವಾದದಲ್ಲಂತೂ ಇದು ಇನ್ನೂ ಸೂಕ್ಷ್ಮ. ‘ಮರಾಠಿ ಮಾತಾಡುವ ಗಡಿಯ ಹಳ್ಳಿಗಳು’ ಎಂದಾಗ ಅಂಥ ಕೆಲವು ಹಳ್ಳಿಗಳೋ, ಗಡಿಯ ಹಳ್ಳಿಗಳೆಲ್ಲ ಅಂಥವೇ ಎಂಬ ವಾದವೋ? ‘ಕನ್ನಡ ಮಾತಾಡುವ’ ಎಂದು ಬದಲಿಸಿದರೂ ಪ್ರಶ್ನೆ ಅದೇ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಮಾಡಿದ್ದು ಅಲ್ಪವಿರಾಮವಿಲ್ಲದ ಕೆಲಸ: ನಿಪ್ಪಾಣಿ ಅತ್ತ, ಜತ್ತ ಮತ್ತು ಅಕ್ಕಲಕೋಟ ಇತ್ತ, ಬೆಳಗಾವಿ ಇದ್ದಲ್ಲೇ ಎಂದು ಒಂದೊಂದನ್ನೇ ಆರಿಸಿ ಹೇಳುವುದು. ಎರಡೂ ಕಡೆಯ ವೇದಿಕೆಗಳ ಭಾಷಣ ಮಾತ್ರ ಅಲ್ಪವಿರಾಮ ಹಾಕಿಯೇ ಮಾತಾಡುತ್ತದೆ. ಅದಕ್ಕೆ ಎಲ್ಲವೂ ತನ್ನದೇ.

ಅನುವಾದ ವಿಮರ್ಶೆಯಲ್ಲಿ ನಾವು ಗಾದೆ, ಬೈಗುಳ, ಊಟದ ಹೆಸರುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಅಲ್ಪವಿರಾಮವನ್ನು ಕರಡು ತಿದ್ದುವವರಿಗೆ ಬಿಟ್ಟುಬಿಡುತ್ತೇವೆ. ಇದು ಸರಿಯಲ್ಲ ಎಂಬುದು ನನ್ನ ವಾದ. ‘ಶೇಡಬಾಳದಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯ’ ಎಂಬಲ್ಲಿ ಕಷ್ಟವಿಲ್ಲ. ಆ ಲೇಖಕ ಒಬ್ಬರೇ, ಅಲ್ಪವಿರಾಮ ಬೇಕೇ ಬೇಕು. ಆದರೆ ‘ರೈತರು’, ‘ಹೆಂಗಸರು’, ‘ಹಳ್ಳಿಗಳು’ ಎಂಬ ಪದಗಳ ಮುಂದೆ ಕೃದಂತ ಬಂದಾಗ ಅನುವಾದಕರು ಹಿಂದಿನ ಪುಟಗಳಿಗೆ ಹೋಗಿ, ಇದು ಎಲ್ಲರ ಮಾತೋ ಕೆಲವರ ಮಾತೋ ಎಂದು ಕೇಳಿಕೊಳ್ಳಬೇಕು. ಕನ್ನಡ ಮೂಲ ಆ ಪ್ರಶ್ನೆಗೆ ಉತ್ತರಿಸದೆ ಉಳಿಯಬಲ್ಲದು. ಇಂಗ್ಲಿಷ್ ವಾಕ್ಯಕ್ಕೆ ಆ ಅವಕಾಶವಿಲ್ಲ.