ಹಾಳು ಹಿತ್ತಿಲು ಮತ್ತು ‘ದ್ವೀಪ’ದ ನಾಗಿ

‘ದ್ವೀಪ’ ನೋಡಿ ಬಂದವರು ಮೊದಲು ಹೇಳುವುದು ಮಳೆಯ ವಿಷಯ. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆಗೆದ ಚಿತ್ರವದು. ಸ್ವರ್ಣಕಮಲ ಪಡೆಯಿತು. ಆ ಮಳೆ, ಆ ಏರುವ ನೀರು ಚೆನ್ನಾಗಿಯೇ ಇವೆ. ನನ್ನ ಮನಸ್ಸಿನಲ್ಲಿ ಮಾತ್ರ ಕೊನೆಯ ಭಾಗ ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿದೆ. ನೀರು ಸುತ್ತುವರಿದಾಗ ಮನೆಯನ್ನೂ ಗಂಡನನ್ನೂ ಹಿಡಿದು ನಿಲ್ಲಿಸಿದವಳು ನಾಗಿ. ಮಳೆ ಇಳಿದ ಮೇಲೆ ಗಣಪ ಎಲ್ಲವನ್ನೂ ದೇವರ ಲೆಕ್ಕಕ್ಕೆ ಹಾಕಿಬಿಡುತ್ತಾನೆ!

ಯಾರ ದುಡಿಮೆ ಯಾರ ಲೆಕ್ಕಕ್ಕೆ ಹೋಗುತ್ತದೆ ಎನ್ನುವಾಗ ನನಗೆ ಶರಾವತಿ ಹಿನ್ನೀರಿನ ದಂಡೆಯ ಹಾಳು ಹಿತ್ತಿಲುಗಳು ನೆನಪಾಗುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಮನೆಗಳ ಮಾತು ಬೇರೆ. ಗದ್ದೆ ಮುಳುಗಿ, ದಾರಿ ಕಡಿದು, ಮೇಲಿನ ದಿಬ್ಬದಲ್ಲಿ ಒಣಗಿ ನಿಂತಿದ್ದ ಮನೆಗಳನ್ನೂ ಜನ ಬಿಟ್ಟರು. ಹೆಂಚು, ತೊಲೆ, ಬಾಗಿಲು ಹೊತ್ತುಕೊಂಡು ಹೋದರು. ಸೂರಿಲ್ಲದ ಮಣ್ಣಿನ ಗೋಡೆ ಮಲೆನಾಡಿನ ಮಳೆಗೆ ಎಷ್ಟು ವರ್ಷ ತಡೆದೀತು? ಈಗ ಅಲ್ಲಿ ಮನೆಯಿತ್ತೆಂದು ಹೇಳುವವು ಗಿಡಗಳೇ.

ಎಲ್ಲ ಗಿಡದ ಸಾಕ್ಷಿಯನ್ನೂ ನಂಬುವಂತಿಲ್ಲ. ಮಾವು, ಹಲಸು ಕಾಡಿನಲ್ಲೂ ಬೆಳೆಯುತ್ತವೆ. ಕರಿಬೇವಿನ ಬೀಜವನ್ನು ಹಕ್ಕಿ ಉದುರಿಸುತ್ತದೆ. ತುಳಸಿ ಕಾಡಿನ ನೆರಳು ಕವಿದರೆ ಉಳಿಯುವುದಿಲ್ಲ. ಕಟ್ಟೆ ಇದ್ದರೂ ಗಿಡ ಇರದು. ದಾಸವಾಳ ಹಾಗಲ್ಲ. ನಮ್ಮ ಹಿತ್ತಿಲ ದಾಸವಾಳ ಬೀಜ ಕಟ್ಟುವುದೇ ಅಪರೂಪ. ಗೆಲ್ಲು ಮುರಿದು ಊರಿದರೆ ಮಾತ್ರ ಬರುವಂಥದ್ದು. ಕಾಡಿನ ನಡುವೆ ಕೆಂಪು ದಾಸವಾಳವೊಂದು ಕಂಡರೆ ಅಲ್ಲಿ ಯಾವಳೋ ಒಬ್ಬಳು ಮಂಡಿಯೂರಿ ಕೂತಿದ್ದಳೆಂದು ತಿಳಿಯಬೇಕು. ಸುತ್ತಿನ ನಂದಿಬಟ್ಟಲೂ ಹಾಗೆಯೇ. ದನ, ಆಡು ಓಡಾಡುವ ಕಡೆ ದಾಸವಾಳ ಉಳಿಯುವುದು ಕಷ್ಟ. ಹಾಲು ಸುರಿಸುವ ನಂದಿಬಟ್ಟಲು, ವಿಷದ ಕಣಗಿಲೆ ಉಳಿಯುತ್ತವೆ.

ಅರಿಶಿನದ ಸಾಕ್ಷಿ ಇನ್ನೂ ಗಟ್ಟಿ. ಮನೆ ಅರಿಶಿನ ಬೀಜದಿಂದ ಹುಟ್ಟುವುದಿಲ್ಲ, ಗಡ್ಡೆಯಿಂದಲೇ ಬರಬೇಕು. ಬೇಸಿಗೆಯಲ್ಲಿ ಹೋದರೆ ಏನೂ ಕಾಣದು. ಮಳೆ ಹಿಡಿದ ಮೇಲೆ ಎಲೆ ಏಳುತ್ತದೆ. ಕಾಡರಿಶಿನವೂ ಅದೇ ಹೊತ್ತಿಗೆ ಏಳುವುದರಿಂದ ಗಡ್ಡೆ ಮುರಿದು ಮೂಸಬೇಕು. ಕರ್ಪೂರದ ವಾಸನೆ ಬಂದರೆ ಕಾಡಿನದು. ಅಡುಗೆಮನೆಯ ವಾಸನೆ ಬಂದರೆ, ಹೇಳಬೇಕೆ?

ಕಂದಾಯ ದಾಖಲೆಗಳಲ್ಲಿ ಜನವಸತಿ ಇಲ್ಲದ ಊರಿಗೆ ‘ಬೇಚರಾಕ್’ ಎಂದು ಬರೆಯುತ್ತಾರೆ. ಪಾರಸಿಯಿಂದ ಬಂದ ಮಾತು, ದೀಪವಿಲ್ಲದ್ದು ಎಂದರ್ಥ. ಎಷ್ಟು ಒಳ್ಳೆಯ ಶಬ್ದ! ಆದರೆ ಆ ದೀಪ ಹಚ್ಚುತ್ತಿದ್ದವಳ ಹೆಸರು ಯಾವ ಕಾಗದದಲ್ಲಿ ಸಿಗುತ್ತದೆ? ಪರಿಹಾರಕ್ಕೆಂದು ಲೆಕ್ಕ ಬರೆಯಲು ಬಂದವರು ಅಡಿಕೆ ಮರ ಎಣಿಸಿದರು, ತೆಂಗು ಎಣಿಸಿದರು, ಅಂಗಳದ ಹೂವಿನ ಸಾಲನ್ನು ದಾಟಿ ಹೋದರು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಅವರೇನೂ ಅತ್ತು ಕರೆದವರಲ್ಲ. ಲಾರಿಯಲ್ಲಿ ಹಂಡೆಯ ಪಕ್ಕಕ್ಕೆ ಒದ್ದೆ ಗೋಣಿಯಲ್ಲಿ ಐದಾರು ಗೆಲ್ಲು ಸುತ್ತಿಟ್ಟುಕೊಂಡು ಬಂದರು. ಅದರಲ್ಲಿ ಎರಡು ಹಿಡಿದವು.

ಇದನ್ನು ಬಲ್ಲವರಿಗೆ ನಾಗಿಯನ್ನು ‘ಶಕ್ತಿ’, ‘ಪ್ರಕೃತಿ’ ಎಂದು ಹೊಗಳುವ ವಿಮರ್ಶೆ ರುಚಿಸುವುದಿಲ್ಲ. ಅದು ಕೂಡ ಗಣಪನ ಲೆಕ್ಕವೇ. ಬೆಟ್ಟದ ದೇವರ ಜಾಗಕ್ಕೆ ಹೆಂಡತಿಯನ್ನು ಕೂರಿಸಿದ್ದಷ್ಟೇ ವ್ಯತ್ಯಾಸ. ನಾಗಿ ಮಾಡಿದ್ದು ಕೆಲಸ. ನಿದ್ದೆಗೆಟ್ಟು ಮಾಡಿದ ಕೆಲಸ. ಸೌಂದರ್ಯ ಅವರು ಅದನ್ನು ಅಬ್ಬರವಿಲ್ಲದೆ ಮಾಡಿದ್ದರಿಂದಲೇ ಆ ಪಾತ್ರ ನಮ್ಮ ನೆರೆಮನೆಯವಳಂತೆ ಕಾಣುತ್ತದೆ. ಚಿತ್ರವನ್ನು ನಿರ್ಮಿಸಿದವರೂ ಅವರೇ. ಎರಡೇ ವರ್ಷಕ್ಕೆ, 2004ರಲ್ಲಿ, ತೀರಿಕೊಂಡರು.

ನನ್ನ ತಕರಾರು ಒಂದೇ. ಊರು ಬಿಟ್ಟುಹೋದವರನ್ನು ಪರಿಹಾರದ ಹಣಕ್ಕೆ ಸೋತವರೆಂದೂ, ಉಳಿದವರನ್ನು ಮಣ್ಣಿನ ಮಕ್ಕಳೆಂದೂ ವಿಂಗಡಿಸುವ ಅಭ್ಯಾಸ ಮುಳುಗಡೆಯ ಕಥೆ ಓದುವ ನಮಗೆಲ್ಲ ಅಂಟಿದೆ. ಚಿತ್ರ ನೋಡುವಾಗಲೂ ಹಾಗೇ ನೋಡುತ್ತೇವೆ. ಹೋದವರ ಹಿತ್ತಿಲಿನಲ್ಲಿ ಆಷಾಢದ ಹೊತ್ತಿಗೆ ಹೋಗಿ ನೋಡಿದರೆ ಅರಿಶಿನ ಮೊಣಕಾಲೆತ್ತರ ನಿಂತಿರುತ್ತದೆ, ಸಾಲು ತಪ್ಪದೆ.