ಚೋಮ ಡಿಕ್ಲರೇಶನ್ ಹಾಕಲಿಲ್ಲ

1

ಬಿ.ಎ. ತರಗತಿಯಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಪಾಠ ಮುಗಿಸಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಸಂಕಪ್ಪಯ್ಯ ಒಳ್ಳೆ ಜನ ಅಲ್ವಾ? ಮತ್ತೆ ಎಂತಕ್ಕೆ ಚೋಮನಿಗೆ ಗದ್ದೆ ಸಿಗ್ಲಿಲ್ಲ?” ನಾನು ಆ ಕ್ಷಣಕ್ಕೆ ಹೊಳೆದ ಉತ್ತರ ಕೊಟ್ಟೆ. ಧಣಿಗೆ ಕೊಡುವ ಮನಸ್ಸಿತ್ತು, ಅವನ ತಾಯಿ ಒಪ್ಪಲಿಲ್ಲ, ಸಂಪ್ರದಾಯ ಅಡ್ಡ ಬಂತು ಎಂದೆ. ಹುಡುಗಿ ಕುಳಿತುಕೊಂಡಳು. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಸಂಜೆ ಸ್ಟೇಟ್ ಬ್ಯಾಂಕ್ ಹತ್ತಿರ ಬಸ್ಸಿಗೆ ಕಾಯುತ್ತ ನಿಂತಾಗ ನನ್ನ ಉತ್ತರ ನನಗೇ ಕಿರಿಕಿರಿ ಮಾಡತೊಡಗಿತು. ಆ ತಾಯಿ ಸತ್ತುಹೋಗಿದ್ದರೆ ಚೋಮನಿಗೆ ಗದ್ದೆ ಸಿಗುತ್ತಿತ್ತೇ?

ಇದು ಒಂದು ಕಾದಂಬರಿಯ ಪ್ರಶ್ನೆ ಮಾತ್ರ ಅಲ್ಲ. ನಮ್ಮ ನಡುವೆ ಎಡಪಂಥಕ್ಕೆ ಬಂದ ಅನೇಕ ಗೆಳೆಯರು ತಮ್ಮ ದಾರಿಯ ಕಥೆ ಹೇಳುವುದುಂಟು. ಮೊದಲು ಮನುಷ್ಯರ ಒಳ್ಳೆಯತನದಲ್ಲಿ, ಸುಧಾರಣೆಯಲ್ಲಿ, ಕಾನೂನಿನಲ್ಲಿ ನಂಬಿಕೆ. ಆಮೇಲೆ ಓದು, ಚರ್ಚೆ, ಒಂದೆರಡು ಮುಷ್ಕರ. ಕೊನೆಗೆ ಬಂಡವಾಳಶಾಹಿಯೇ ರೋಗದ ಮೂಲ ಎಂಬ ತಿಳಿವು. ಕಥೆ ಸುಳ್ಳಲ್ಲ. ಆದರೆ ಇದು ಮನಸ್ಸು ಬದಲಾದವರ ಕಥೆ. ಕೇರಿಯಿಂದ ಬಂದವನಿಗೆ ಈ ದಾರಿ ಬೇರೆ ತರಹ ಕಾಣುತ್ತದೆ. ಉದಾರವಾದ ಅವನಿಗೆ ಒಂದು ವಿಚಾರವಾಗಿ ಪರಿಚಯವಾದದ್ದಲ್ಲ. ಯಾರದೋ ಮನೆಯ ಅಂಗಳದಲ್ಲಿ ಸಿಕ್ಕ ಒಂದು ಒಳ್ಳೆಯ ಮಾತಾಗಿ, ಒಂದು ಹಳೇ ಅಂಗಿಯಾಗಿ, ಒಂದು ಶಿಫಾರಸು ಪತ್ರವಾಗಿ ಪರಿಚಯವಾದದ್ದು. ಅದು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಅವನು ಪುಸ್ತಕ ಓದಿ ಕಲಿಯಬೇಕಾಗಿಲ್ಲ. ಈ ನೆಲೆಯಿಂದ ಕರಾವಳಿಯ ಎರಡು ಕಾದಂಬರಿಗಳನ್ನೂ ಎರಡು ಕಾನೂನುಗಳನ್ನೂ ಒಟ್ಟಿಗೆ ಇಟ್ಟು ಓದಬಹುದೇ ಎಂದು ನೋಡುವುದು ನನ್ನ ಉದ್ದೇಶ.

2

‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಅದನ್ನು ಅಸ್ಪೃಶ್ಯತೆಯ ಕುರಿತ ಕರುಣೆಯ ಕಾದಂಬರಿ ಎಂದೇ ನಮ್ಮ ವಿಮರ್ಶೆ ಹೆಚ್ಚಾಗಿ ಓದಿದೆ. ಆದರೆ ಚೋಮ ಕೇಳಿದ್ದು ಕರುಣೆಯನ್ನಲ್ಲ, ದೇವಸ್ಥಾನದ ಪ್ರವೇಶವನ್ನೂ ಅಲ್ಲ. ಅವನು ಕೇಳಿದ್ದು ಉಳಲಿಕ್ಕೆ ಒಂದು ತುಂಡು ಗದ್ದೆ. ಎತ್ತುಗಳಿವೆ, ತೋಳಿನಲ್ಲಿ ಶಕ್ತಿಯಿದೆ, ಬೇಸಾಯ ಗೊತ್ತಿದೆ. ಇಲ್ಲದ್ದು ಭೂಮಿ ಮತ್ತು ಬೇಸಾಯಗಾರನಾಗುವ ಹಕ್ಕು.

ಕಾದಂಬರಿ ಅವನ ಎದುರು ಮೂರು ಬಾಗಿಲುಗಳನ್ನು ತೆರೆಯುತ್ತದೆ. ಮೊದಲನೆಯದು ಧಣಿಯ ಒಳ್ಳೆಯತನದ ಬಾಗಿಲು. ಸಂಕಪ್ಪಯ್ಯ ಕಟುಕನಲ್ಲ, ಆದರೆ ಅವನ ಒಳ್ಳೆಯತನ ಅಡಿಗೆಮನೆಯ ಹೊಸ್ತಿಲು ದಾಟುವಾಗ ಸೋಲುತ್ತದೆ. ಎರಡನೆಯದು ಇಗರ್ಜಿಯ ಬಾಗಿಲು. ಅಲ್ಲಿ ಭೂಮಿಯ ಆಸೆಯಿದೆ, ಅದಕ್ಕೆ ಬೆಲೆಯಾಗಿ ತನ್ನ ಭೂತವನ್ನು ಬಿಡಬೇಕು. ಪಂಜುರ್ಲಿಯನ್ನು ಬಿಟ್ಟು ಬರಲು ಚೋಮನಿಂದ ಆಗುವುದಿಲ್ಲ. ಮೂರನೆಯದು ಘಟ್ಟದ ಕಾಫಿತೋಟದ ಬಾಗಿಲು. ಅಲ್ಲಿ ಕೆಲಸಕ್ಕೆ ಕೂಲಿಯುಂಟು. ಆದರೆ ಮಕ್ಕಳು ಅಲ್ಲಿಗೆ ಹೋಗುವುದೇ ಸಾಲ ತೀರಿಸಲಿಕ್ಕೆ. ಒಬ್ಬ ಜ್ವರ ಹಿಡಿದು ಬಂದು ಸಾಯುತ್ತಾನೆ, ಇನ್ನೊಬ್ಬ ಮತಾಂತರಗೊಂಡು ಅಲ್ಲೇ ಉಳಿಯುತ್ತಾನೆ, ಕೊನೆಗೆ ಬೆಳ್ಳಿಯ ದೇಹವೂ ಆ ಸಾಲದ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ.

ಈ ಮೂರೂ ಬಾಗಿಲುಗಳು ಉದಾರವಾದದ ಬಾಗಿಲುಗಳೇ ಎಂಬುದನ್ನು ಗಮನಿಸಬೇಕು. ಒಳ್ಳೆಯ ಯಜಮಾನ, ಎಲ್ಲರನ್ನೂ ಕರೆಯುವ ಧರ್ಮ, ಜಾತಿ ಕೇಳದ ಕೂಲಿ: ಹಳೆಯ ವ್ಯವಸ್ಥೆಯಿಂದ ಬಿಡುಗಡೆಗೆ ಇಪ್ಪತ್ತನೆಯ ಶತಮಾನ ಹೇಳಿದ ಮದ್ದುಗಳು ಇವೇ. ಕಾದಂಬರಿ ಮೂರನ್ನೂ ಪ್ರಾಮಾಣಿಕವಾಗಿ ಪರೀಕ್ಷಿಸುತ್ತದೆ, ಮೂರೂ ಸೋಲುವುದನ್ನು ತೋರಿಸುತ್ತದೆ. ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದರು, ಮುಟ್ಟುವ ಹಾಗಿರಲಿಲ್ಲ. ಅವರಲ್ಲೂ ಮರುಗಿದವರು ಇದ್ದಿರಬಹುದು. ಮರುಕದಿಂದ ಮಗು ಬದುಕಲಿಲ್ಲ.

ಇಷ್ಟು ದೂರ ಬಂದ ಕಾರಂತರು ಅಲ್ಲಿಂದ ಮುಂದೆ ಹೋಗಲಿಲ್ಲ. ಚೋಮ ನೇಗಿಲನ್ನು ಸುಟ್ಟು, ಎತ್ತುಗಳನ್ನು ಬಿಟ್ಟು, ದುಡಿ ಬಾರಿಸುತ್ತ ಸಾಯುತ್ತಾನೆ. ಅವನ ಸಿಟ್ಟಿಗೆ ಜೊತೆಗಾರರಿಲ್ಲ. ಕೇರಿಯಲ್ಲಿ ಬೇರೆಯವರೂ ಇದ್ದರು, ಅವರಿಗೂ ಗದ್ದೆ ಬೇಕಿತ್ತು. ಅವರೊಂದಿಗೆ ಚೋಮ ಒಂದು ಸಲವಾದರೂ ಕೂತು ಈ ಮಾತು ಆಡಿದ್ದರೆ? ಕಾದಂಬರಿಯ ಲೋಕದೃಷ್ಟಿಗೆ ಈ ಸಾಧ್ಯತೆ ಹೊಳೆಯುವುದಿಲ್ಲ. ಉದಾರವಾದಿ ಕಲೆ ದಲಿತನ ಸೋಲನ್ನು ಇಷ್ಟು ಚೆನ್ನಾಗಿ ಬರೆಯಬಲ್ಲುದು. ದಲಿತರ ಸಂಘಟನೆಯನ್ನು ಕಲ್ಪಿಸಿಕೊಳ್ಳುವುದು ಅದಕ್ಕೆ ಕಷ್ಟ.

3

ಸಂಘಟನೆಯನ್ನು ಬರೆದವರು ನಿರಂಜನ. ‘ಚಿರಸ್ಮರಣೆ’ 1955ರದ್ದು. ಅದರ ವಸ್ತು ಕಯ್ಯೂರಿನ ರೈತ ಹೋರಾಟ. ಕಯ್ಯೂರು ಈಗ ಕೇರಳದಲ್ಲಿದ್ದರೂ ಆಗ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ್ದ ಹಳ್ಳಿ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಅಲ್ಲಿನ ನಾಲ್ವರನ್ನು ಗಲ್ಲಿಗೇರಿಸಲಾಯಿತು. ‘ಚೋಮನ ದುಡಿ’ ಬಂದು ಇನ್ನೂ ಹತ್ತು ವರ್ಷ. ಅಲ್ಲಿ ಒಬ್ಬನೇ ಸತ್ತ, ಇಲ್ಲಿ ನಾಲ್ಕು ಜನ ಒಟ್ಟಿಗೆ ಸತ್ತರು. ಅಲ್ಲಿ ದುಡಿ, ಇಲ್ಲಿ ಘೋಷಣೆ. ಧಣಿಯ ಮನಸ್ಸು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನೇ ನಿರಂಜನರು ಬದಿಗಿಡುತ್ತಾರೆ. ಭೂಮಿ ಯಾರ ಕೈಯಲ್ಲಿದೆ, ಪೊಲೀಸು ಯಾರ ಕಡೆಗಿದೆ ಎಂದು ಕೇಳುತ್ತಾರೆ. ಕರಾವಳಿಯ ಕನ್ನಡ ಕಾದಂಬರಿ ಉದಾರವಾದದಿಂದ ಎಡಕ್ಕೆ ಹೊರಳಿದ ಜಾಗ ಇದು. ಇದರ ಮಹತ್ವವನ್ನು ಕಡಿಮೆ ಮಾಡಿ ಹೇಳುವ ಇರಾದೆ ನನಗಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಈ ರೈತ ಸಂಘದಲ್ಲಿ ಚೋಮ ಎಲ್ಲಿದ್ದಾನೆ? ಸಂಘದ ಜಗಳ ಗೇಣಿಯದ್ದು, ಅಕ್ರಮ ವಸೂಲಿಯದ್ದು. ಗೇಣಿ ಕೊಡಬೇಕಾದರೆ ಮೊದಲು ಗೇಣಿಗೆ ಭೂಮಿ ಸಿಗಬೇಕು. ಚೋಮ ಗೇಣಿದಾರನಲ್ಲ, ಮೂಲದಾಳು. ಧಣಿಗೂ ಒಕ್ಕಲಿಗೂ ನಡುವೆ ನಡೆಯುವ ಹೋರಾಟದಲ್ಲಿ ಅವನು ಒಕ್ಕಲಿನ ಗದ್ದೆಯಲ್ಲೂ ಕೂಲಿಯಾಳೇ.

ಇದು ಬರೀ ಸಾಹಿತ್ಯದ ತಕರಾರು ಅಲ್ಲ ಎಂಬುದನ್ನು 1974 ತೋರಿಸಿಕೊಟ್ಟಿತು. ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ ಆ ವರ್ಷ ಮಾರ್ಚ್ 1ರಿಂದ ಜಾರಿಗೆ ಬಂತು. ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯ ಮಂಡಳಿ ತೀರ್ಮಾನಿಸಬೇಕು. ನಮ್ಮ ಜಿಲ್ಲೆಯ ಬಾಯಿಮಾತಿನಲ್ಲಿ ಅದಕ್ಕೆ ‘ಡಿಕ್ಲರೇಶನ್ ಹಾಕುವುದು’ ಎಂದು ಹೆಸರು. ಗೇಣಿ ಪದ್ಧತಿ ಬಿಗಿಯಾಗಿದ್ದ ಈ ಜಿಲ್ಲೆಯಲ್ಲಿ ಡಿಕ್ಲರೇಶನ್ ಸಾವಿರಾರು ಮನೆಗಳ ಜಾತಕ ಬದಲಿಸಿತು. ಕೆಂಬಾವುಟ ಹಿಡಿದು ದಶಕಗಳ ಕಾಲ ಹೊಡೆದಾಡಿದವರ ಬೆವರು ಅದರಲ್ಲಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕಾನೂನಾಯಿತು.

ಆದರೆ ಕಾನೂನಿಗೆ ಉಳುವವನು ಯಾರು? ಗೇಣಿ ಚೀಟಿ ಇದ್ದವನು, ಗೇಣಿ ಕೊಟ್ಟದ್ದಕ್ಕೆ ಸಾಕ್ಷಿ ಇದ್ದವನು. ನೊಗದ ಹಿಂದೆ ಕೆಸರಿನಲ್ಲಿ ನಡೆದವನಲ್ಲ. ಗೇಣಿಗೆ ಭೂಮಿ ಹಿಡಿದಿದ್ದ ದಲಿತರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಿರಬಹುದು. ಉಳಿದವರಿಗೆ ಆ ಕಾನೂನಿನಲ್ಲಿ ಸಿಕ್ಕಬಹುದಾಗಿದ್ದದ್ದು ಹೆಚ್ಚೆಂದರೆ ಗುಡಿಸಲಿನ ಅಡಿಸ್ಥಳ. ಎರಡು ವರ್ಷದ ಮೇಲೆ, 1976ರಲ್ಲಿ, ಜೀತಪದ್ಧತಿ ರದ್ದತಿ ಕಾನೂನು ಬಂತು. ಅದರ ಸುಗ್ರೀವಾಜ್ಞೆ ಹಿಂದಿನ ವರ್ಷವೇ ಹೊರಟಿತ್ತು. ಈ ಎರಡು ಕಾನೂನುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಕ್ಕಲಿಗೆ ಭೂಮಿ ಸಿಕ್ಕಿತು, ಆಳಿಗೆ ಸ್ವಾತಂತ್ರ್ಯ ಸಿಕ್ಕಿತು. ಭೂಮಿಯಿಲ್ಲದ ಸ್ವಾತಂತ್ರ್ಯವೆಂದರೆ ನಾಳೆಯಿಂದ ಯಾರ ಗದ್ದೆಗೆ ಬೇಕಾದರೂ ಕೂಲಿಗೆ ಹೋಗುವ ಸ್ವಾತಂತ್ರ್ಯ.

ಇವೆರಡರ ನಡುವೆ, 1975ರಲ್ಲಿ, ಬಿ.ವಿ. ಕಾರಂತರ ‘ಚೋಮನ ದುಡಿ’ ಸಿನಿಮಾ ಬಂತು, ಸ್ವರ್ಣಕಮಲ ಪಡೆಯಿತು. ಮಂಡಳಿಗಳು ಡಿಕ್ಲರೇಶನ್ ವಿಚಾರಿಸುತ್ತಿದ್ದ ಕಾಲದಲ್ಲಿ ತೆರೆಯ ಮೇಲೆ ವಾಸುದೇವರಾಯರ ಚೋಮ ನೇಗಿಲು ಸುಡುತ್ತಿದ್ದ. ಅದು ಹಿಂದಿನ ಕಾಲದ ಕಥೆ ಎಂದು ಜನ ಅತ್ತಿರಬೇಕು. ಹೊರಗೆ ಬಂದು ನೋಡಿದ್ದರೆ ಚೋಮ ಮಂಡಳಿಯ ಬಾಗಿಲಲ್ಲೂ ನಿಲ್ಲದೆ ಕೂಲಿಗೆ ಹೋಗುತ್ತಿದ್ದ. ಅವನು ಡಿಕ್ಲರೇಶನ್ ಹಾಕಲಿಲ್ಲ. ಹಾಕಲಿಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ನಮ್ಮ ಎಡಪಂಥೀಯ ಗೆಳೆಯರ ಮುಂದೆ ನಾನು ಇಡಬಯಸುವ ಮಾತು ಇದೇ. ಉದಾರವಾದದಿಂದ ಎಡಕ್ಕೆ ಹೋಗುವ ದಾರಿ ಸಂಕಪ್ಪಯ್ಯನ ಜಗಲಿಯಿಂದ ಹೊರಟು ನೇರ ರೈತ ಸಂಘದ ಆಫೀಸಿಗೆ ಮುಟ್ಟುವುದಾದರೆ, ನಡುವೆ ಚೋಮನ ಗುಡಿಸಲು ಸಿಗುವುದೇ ಇಲ್ಲ.

4

ಹಾಗೆಂದು ‘ವರ್ಗ ನಿಮ್ಮದು, ಜಾತಿ ನಮ್ಮದು’ ಎಂದು ಪಾಲು ಮಾಡಿಕೊಂಡು ಕೂರುವುದು ಸರಿಯಲ್ಲ. ದಲಿತ ವಿಮರ್ಶೆಯ ಹೆಸರಿನಲ್ಲಿ ಈ ಪಾಲುಪಟ್ಟಿಯೂ ನಡೆದಿದೆ. ಅಂಬೇಡ್ಕರರನ್ನು ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ಮಾತ್ರ ನೋಡಿದರೆ ಅವರು ಒಬ್ಬ ಉದಾರವಾದಿಯಂತೆಯೇ ಕಾಣುತ್ತಾರೆ. ಆದರೆ 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದವರೂ ಅವರೇ. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಎದುರು ನಿಂತು, ಕಾರ್ಮಿಕರಿಗೆ ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ಶತ್ರುಗಳು ಎಂದವರೂ ಅವರೇ. ಅದೇ ವರ್ಷ ನವೆಂಬರಿನಲ್ಲಿ ಮುಷ್ಕರದ ಹಕ್ಕಿಗಾಗಿ ಕಮ್ಯುನಿಸ್ಟರ ಜೊತೆ ಸೇರಿ ಮುಂಬಯಿಯಲ್ಲಿ ಮುಷ್ಕರ ನಡೆಸಿದರು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಮನವಿಯಲ್ಲಿ ಮುಖ್ಯ ಕೈಗಾರಿಕೆ, ವಿಮೆ, ಕೃಷಿಭೂಮಿ ಎಲ್ಲವೂ ಪ್ರಭುತ್ವದ ಒಡೆತನಕ್ಕೆ ಬರಬೇಕು, ಭೂಮಿಯನ್ನು ಜಾತಿಭೇದವಿಲ್ಲದೆ ಸಾಮೂಹಿಕ ಬೇಸಾಯಕ್ಕೆ ಕೊಡಬೇಕು ಎಂದು ಕೇಳಿದರು. ಅಲ್ಲಿ ಚೋಮನಿಗೆ ಗೇಣಿ ಚೀಟಿ ಬೇಕಾಗಿರಲಿಲ್ಲ. ಆ ಬೇಡಿಕೆ ಸಂವಿಧಾನದೊಳಗೆ ಬರಲಿಲ್ಲ. ಒಬ್ಬನಿಗೆ ಒಂದು ಓಟು ಬಂತು, ಗದ್ದೆ ಬರಲಿಲ್ಲ.

ಪ್ರಭುತ್ವದ ಒಡೆತನ ದಲಿತನಿಗೆ ಏಕೆ ಮುಖ್ಯ ಎಂಬುದನ್ನು ತಿಳಿಯಲು ಮಂಗಳೂರಿನಲ್ಲಿರುವವರು ದೂರ ಹೋಗಬೇಕಾಗಿಲ್ಲ. ನಮ್ಮದು ಬ್ಯಾಂಕುಗಳ ತೊಟ್ಟಿಲು ಎಂದು ಹೆಮ್ಮೆಪಡುವ ಊರು. 1906ರಲ್ಲಿ ಇಲ್ಲಿ ಕೆನರಾ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಒಂದನ್ನು ಕಟ್ಟುವುದರಲ್ಲಿ ಸಾರಸ್ವತರು, ಇನ್ನೊಂದರಲ್ಲಿ ಬಂಟರು ಮುಂದಿದ್ದರು. ಕೆನರಾ 1969ರಲ್ಲಿ, ವಿಜಯಾ 1980ರಲ್ಲಿ ರಾಷ್ಟ್ರೀಕರಣವಾದವು. ಸರಕಾರಿ ಬ್ಯಾಂಕುಗಳಾದ ಮೇಲೆ ಮೀಸಲಾತಿ ಒಳಗೆ ಬಂತು. ಕೇರಿಯ ಹುಡುಗನೊಬ್ಬ ಕೌಂಟರಿನ ಆಚೆ ಬದಿಯಲ್ಲಿ ಕುಳಿತ. ಯಾವ ಧಣಿಯ ಹೃದಯ ಪರಿವರ್ತನೆಯೂ ಮಾಡದ ಕೆಲಸವನ್ನು ಒಡೆತನದ ಬದಲಾವಣೆ ಮಾಡಿತು. ಇದು ಸಮಾಜವಾದವಲ್ಲ, ಗೊತ್ತು. ಆದರೆ ಇದರ ರುಚಿ ಕಂಡವನಿಗೆ ಖಾಸಗೀಕರಣ ಎಂಬ ಶಬ್ದ ಅರ್ಥಶಾಸ್ತ್ರದ ಶಬ್ದವಾಗಿ ಕೇಳಿಸುವುದಿಲ್ಲ. 1991ರ ನಂತರ ಖಾಸಗಿಯಾಗಿ ಬೆಳೆದ ಬ್ಯಾಂಕುಗಳಲ್ಲಿ ಮೀಸಲಾತಿಯಿಲ್ಲ. ಬಾಗಿಲು ಮತ್ತೆ ಒಳಗಿನಿಂದಲೇ ಮುಚ್ಚುತ್ತಿದೆ.

5

ಈ ಊರಿನ ಉದಾರವಾದದ ಅತ್ಯುತ್ತಮ ಹೆಸರು ಕುದ್ಮುಲ್ ರಂಗರಾಯರದ್ದು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತ ಮಕ್ಕಳಿಗೆ ಶಾಲೆ ತೆರೆದು, ಸ್ವಜಾತಿಯ ಬಹಿಷ್ಕಾರ ಉಂಡು ಬದುಕಿದ ಆ ಮನುಷ್ಯನ ಎದುರು ನಾವು ಯಾರೂ ದೊಡ್ಡ ಮಾತು ಆಡುವಂತಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅಕ್ಷರ ಬಂದದ್ದೇ ಅವರಿಂದ. ದಲಿತ ಮಗುವೊಂದು ಓದಿ ದೊಡ್ಡ ಹುದ್ದೆಗೇರಿ, ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು.

ಆ ಕಾರು ಬಂತು. ಕೆಲವರಿಗಾದರೂ ಬಂತು. ಆದರೆ ಆ ರಸ್ತೆಯ ಧೂಳನ್ನು ಬೆಳಿಗ್ಗೆ ಐದು ಗಂಟೆಗೆ ಗುಡಿಸುವವರು ಯಾರು? 1990ರ ದಶಕದಿಂದ ಕರ್ನಾಟಕದ ಊರೂರಿನ ಪೌರಕಾರ್ಮಿಕರ ಕೆಲಸ ಗುತ್ತಿಗೆಗೆ ಹೋಯಿತು. ಜಾತಿ ಹಳೆಯದೇ, ಯಜಮಾನ ಮಾತ್ರ ಹೊಸಬ. ಅವನಿಗೆ ಜಾತಿ ಗೊತ್ತೇ ಇಲ್ಲ, ಟೆಂಡರು ಮಾತ್ರ ಗೊತ್ತು. ಕಾಯಂ ಮಾಡಿ ಎಂದು ಈ ಕಾರ್ಮಿಕರು ರಸ್ತೆಗಿಳಿದಾಗ ಕೇಳುತ್ತಿರುವುದು ಅಂಬೇಡ್ಕರರು ಹೇಳಿದ ಆ ಎರಡು ಶತ್ರುಗಳ ಎದುರಿನ ಪ್ರಶ್ನೆಯನ್ನೇ. ಗುಡಿಸುವವರು ದಲಿತರೇ ಏಕೆ, ಗುತ್ತಿಗೆಯಲ್ಲೇ ಏಕೆ ಎಂದು ಎರಡನ್ನೂ ಒಟ್ಟಿಗೆ ಕೇಳದಿದ್ದರೆ ಉತ್ತರ ಸಿಗುವುದಿಲ್ಲ.

ಭೂಮಿಯ ಕಡೆಗೂ ಒಮ್ಮೆ ನೋಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಮತ್ತೊಂದು ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದವು. ಈಗ ಹಣವಿದ್ದವರು, ಕೃಷಿಕರಲ್ಲದಿದ್ದರೂ, ಕೃಷಿಭೂಮಿ ಕೊಳ್ಳಬಹುದು. 1974ರಲ್ಲಿ ಡಿಕ್ಲರೇಶನ್ ಹಾಕಿ ಪಡೆದವರ ಮಕ್ಕಳು ಮಾರಬಹುದು, ಕಂಪೆನಿ ಕೊಳ್ಳಬಹುದು. ಚೋಮನ ಮೊಮ್ಮಗ ಆ ವ್ಯವಹಾರದಲ್ಲಿ ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ಈ ಜಿಲ್ಲೆಯ ದಲಿತ ಸಂಘಟನೆಗಳು ಇಷ್ಟು ವರ್ಷ ಮನವಿ ಕೊಡುತ್ತ ಬಂದದ್ದು ಯಾಕೆಂದು ಇನ್ನೂ ವಿವರಿಸಬೇಕೇ?

ಒಂದು ಕಹಿ ಸತ್ಯವನ್ನೂ ಹೇಳಿ ಮುಗಿಸಬೇಕು. ಉದಾರವಾದದ ಮೇಲೆ ಭರವಸೆ ಕಳೆದುಕೊಂಡವರೆಲ್ಲ ಎಡಕ್ಕೇ ಬರುತ್ತಾರೆಂಬ ಗ್ಯಾರಂಟಿ ಈ ಕರಾವಳಿಯಲ್ಲಿ ಇಲ್ಲ. ಕೆಂಬಾವುಟದ ಕೆಳಗೆ ಭೂಮಿ ಪಡೆದ ಮನೆಗಳಿಂದಲೇ ಬೇರೆ ಬಾವುಟ ಹಿಡಿದ ಹುಡುಗರು ಹೊರಟದ್ದನ್ನು ನಾವು ಕಂಡಿದ್ದೇವೆ. ಕೇರಿಯ ಹುಡುಗರೂ ಆ ಮೆರವಣಿಗೆಯಲ್ಲಿದ್ದಾರೆ. ಅವರಿಗೆ ಅಲ್ಲಿ ಸಿಗುವುದು ಒಂದು ದಿನದ ಮಟ್ಟಿಗೆ ಹೆಗಲು ತಾಗಿಸಿ ನಡೆಯುವ ಸಮಾನತೆ. ಹೆಗಲು ತಾಗಿಸುವುದು ಎಂದರೇನು ಎಂದು ನೀಲನನ್ನು ನೆನೆಯುವವರಿಗೆ ಗೊತ್ತು. ಅದನ್ನು ಕೂಡ ನಾವು ಕೊಡಲಿಲ್ಲ. ಮನೆಯೊಳಗೆ ಕರೆದು ಕೂರಿಸದ ಎಡಪಂಥ ಎಷ್ಟು ಸರಿಯಾದ ಸಿದ್ಧಾಂತ ಹೇಳಿದರೂ ಆ ಹುಡುಗರು ಕೇಳಿಸಿಕೊಳ್ಳಲಿಕ್ಕಿಲ್ಲ.

ಹಿಂದಿನ ಬೆಂಚಿನ ಆ ಹುಡುಗಿಗೆ ನಾನು ಈಗ ಬೇರೆ ಉತ್ತರ ಕೊಡಬೇಕಾಗಿದೆ. ಸಂಕಪ್ಪಯ್ಯ ಒಳ್ಳೆಯವನೇ, ತಂಗಿ. ಆದರೆ ಗದ್ದೆ ಅವನದ್ದಾಗಿತ್ತು. ಅವನದ್ದೇ ಆಗಿರುವವರೆಗೆ ಅವನ ತಾಯಿಯ ಮಾತೂ ನಡೆಯುತ್ತಿತ್ತು.